ನಕ್ಷತ್ರ ಹಾಕಿದ ವಾಕ್ಯಗಳು

...ಅದೇ, ಅದೇ ಫೋಲ್ಡರು. ಅದನ್ನ ಆರಿಸ್ಕೊಂಡು ಅಳಿಸು ಅಂತ ಒತ್ತಿಬಿಡು, ಮುಗೀತು. ನಿಮ್ಮಕ್ಕನ ವೆಬ್‌ಸೈಟು ಅಂತ ಒಂದಿತ್ತು ಅನ್ನೋದಕ್ಕೆ ಗುರುತೂ ಉಳಿಯಲ್ಲ. ಅದಕ್ಕೇ ತಾನೇ ನಿನ್ನನ್ನ ಇಷ್ಟು ದೂರ ಕರೆಸಿರೋದು? ನಾನು ಒತ್ತಿದರೆ ಗಂಡನೇ ಮುಗಿಸಿಬಿಟ್ಟ ಅಂತಾಗುತ್ತೆ. ತಂಗಿ ಒತ್ತಿದರೆ ಅದಕ್ಕೇನೋ ಮರ್ಯಾದೆ. ಒತ್ತು.

ಏನು? ಮೊದಲು ನೋಡಬೇಕಾ?

ಏನಿದೆ ಪುಟ್ಟಿ ಅದರಲ್ಲಿ ನೋಡೋಕೆ. ನಾಟಕಕ್ಕೆ ಹೋಗಿ ಬಂದು ಬರೆದಿದ್ದು. ಆ ನಾಟಕಗಳನ್ನ ಆಡಿದವರೇ ಮರೆತಿದ್ದಾರೆ... ಸರಿ, ಸರಿ. ಮುಖ ಊದಿಸ್ಕೋಬೇಡ. ಆ ಸ್ಟೂಲ್ ಎಳ್ಕೊಂಡು ಕೂತ್ಕೋ. ಅವಳು ಮಲಗಿದ್ದಾಳೆ, ಮಧ್ಯಾಹ್ನ ಮಾತ್ರೆ ತಗೊಂಡರೆ ಒಂದು ನಿದ್ದೆ ಆಗುತ್ತೆ. ಆದರೂ ಮೆಲ್ಲಗೆ ಮಾತಾಡು. ಈ ಮನೇಲಿ ಗೋಡೆಗೆ ಕಿವಿ ಇಲ್ಲ, ನಿಮ್ಮಕ್ಕನಿಗಿದೆ.

ನಿಮ್ಮ ವಿಮೆ ಆಫೀಸಲ್ಲಿ ನೀನು ಬರೆಯೋ ಪ್ರೋಗ್ರಾಮುಗಳ ಥರ ಅಲ್ಲ ಇದು, ತುಂಬಾ ಸಣ್ಣದು. ನೀನು ನೋಡಿದರೆ ನಗ್ತೀಯ. ಹೇಗೆ ಕಟ್ಟಿದೀನಿ ಅಂತ ತೋರಿಸಲಾ? ನಿಜವಾಗ್ಲೂ ಕೇಳ್ತಿದೀಯಾ? ಇಷ್ಟು ವರ್ಷದಲ್ಲಿ ಈ ಮನೇಲಿ ಒಬ್ಬರೂ ಕೇಳಿಲ್ಲ, ಗೊತ್ತಾ. ಎಲ್ಲರೂ ಕೇಳೋದು "ಮೇಡಂ ಹೇಗಿದ್ದಾರೆ", "ಮೇಡಂ ಏನು ಬರೀತಿದ್ದಾರೆ". ನಾನು ಬಾಗಿಲು ತೆಗೆಯೋನು, ಕಾಫಿ ತರೋನು. ಸರಿ, ತೋರಿಸ್ತೀನಿ. ಆದರೆ ಆಮೇಲೆ ಅಳಿಸಬೇಕು, ಆಯ್ತಾ? ನಾಳೆ ನಾಡಿದ್ದು ಅಂತ ಎಳೀಬೇಡ.

ನಿನಗೆ ಮೊದಲಿಂದ ಗೊತ್ತಿಲ್ಲ ಅಲ್ವಾ, ನೀನಾಗ ಸ್ಕೂಲಲ್ಲಿದ್ದೆ. ನಿಮ್ಮಕ್ಕ ಪೇಪರಿನಲ್ಲಿ ನಾಟಕದ ವಿಮರ್ಶೆ ಬರೀತಿದ್ದಳು. ನಾನು ಅದೇ ಪೇಪರಿನ ಕಂಪ್ಯೂಟರ್ ವಿಭಾಗದಲ್ಲಿದ್ದೆ, ಸಂಜೆ ಹವ್ಯಾಸಿ ತಂಡದಲ್ಲಿ ಪಾರ್ಟು ಮಾಡ್ತಿದ್ದೆ. ಹೂಂ, ನಾನೇ. ನಗು. ಒಂದು ಸಲ ದೊಡ್ಡ ಪಾತ್ರ ಸಿಕ್ಕಿತು, ಸೇನಾಪತಿಯದು. ಮಾರನೇ ವಾರ ಪೇಪರಿನಲ್ಲಿ ಬಂತು: "ಸೇನಾಪತಿ ರಂಗದ ಮೇಲೆ ಬಸ್ಸಿಗೆ ಕಾಯುತ್ತಿರುವವರಂತೆ ನಿಂತಿದ್ದರು. ಬಸ್ಸು ಬಂದಿದ್ದರೆ ನಾಟಕಕ್ಕೂ ಒಳ್ಳೆಯದಾಗುತ್ತಿತ್ತು."

ಯಾಕೆ ಬಾಯಿ ಮುಚ್ಕೊಂಡು ನಗ್ತೀಯ? ಬಿಟ್ಟು ನಗು. ಎಲ್ಲರೂ ನಕ್ಕಿದ್ದಾರೆ. ಆಫೀಸಲ್ಲಿ ನಾನು ಲಿಫ್ಟಿಗೆ ನಿಂತರೆ "ಬಸ್ಸು ಬಂತಾ ಸಾರ್" ಅನ್ನೋರು. ನಾನೂ ನಕ್ಕೆ. ಅವಳ ಟೇಬಲ್ ಹತ್ತಿರ ಹೋಗಿ, ಚೆನ್ನಾಗಿ ಬರೆದಿದ್ದೀರಿ ಅಂದೆ. ಅದಕ್ಕೇ ನನ್ನನ್ನ ಒಪ್ಪಿದಳಂತೆ. ತನ್ನ ಬರಹಕ್ಕೆ ನಕ್ಕ ಮೊದಲ ನಟ ನೀವೇ ಅಂದಳು. ಆಮೇಲೆ ನಾನು ಪಾರ್ಟು ಮಾಡಲಿಲ್ಲ. ಅವಳೂ ಯಾಕೆ ಬಿಟ್ಟಿರಿ ಅಂತ ಕೇಳಲಿಲ್ಲ. ಕೇಳೋಕೇನಿದೆ, ಒಳ್ಳೇದಾಯ್ತು ಅಂದ್ಕೊಂಡಿರ್ತಾಳೆ.

ಮುಂದಿನದು ನಿನಗೆ ಗೊತ್ತು. ಕಣ್ಣಿನ ನರ ಒಣಗ್ತಾ ಬಂತು. ಮೊದಲು ಅಂಚುಗಳು ಹೋದವು, ಆಮೇಲೆ ಮುಖಗಳು. ಕೊನೆಗೆ ದೀಪ ಹಾಕಿದೆಯೋ ಇಲ್ವೋ ಅಂತ ಕೇಳೋ ಹಾಗಾಯ್ತು. ಪೇಪರಿನವರು ಹೂವಿನ ಗುಚ್ಛ ಕೊಟ್ಟು ಕಳಿಸಿದರು. ಕಣ್ಣಿಲ್ಲದವರು ನಾಟಕ ನೋಡಿ ಏನು ಬರೀತಾರೆ ಅಂತ ಸಂಪಾದಕರೇ ಹೇಳಿದ್ದು, ನನ್ನೆದುರಿಗೇ. ಅವತ್ತು ರಾತ್ರಿ ಅವಳು ಊಟ ಮಾಡಲಿಲ್ಲ. ನಾನು ಪಕ್ಕದಲ್ಲಿ ಕೂತು ಅವಳ ಹಳೇ ಲೇಖನಗಳನ್ನ ಓದಿ ಹೇಳಿದೆ. ಸುಳ್ಳಲ್ಲ ಪುಟ್ಟಿ, ಆ ಕೆಲವು ತಿಂಗಳು... ನನ್ನ ತೋಳು ಹಿಡಿದೇ ಓಡಾಡ್ತಿದ್ದಳು. ಬಚ್ಚಲಿಗೆ, ಬಾಲ್ಕನಿಗೆ, ಮೆಟ್ಟಿಲಿಗೆ. ಮನೆ ತುಂಬಾ "ರೀ, ಎಲ್ಲಿದ್ದೀರಿ", "ರೀ, ಎಲ್ಲಿದ್ದೀರಿ". ಮನೆ ಅಂದ್ರೆ ಹಾಗಿರಬೇಕು.

ಆಮೇಲೆ ಒಂದು ದಿನ, ನನ್ನನ್ನ ಒಂದು ನಾಟಕಕ್ಕೆ ಕರ್ಕೊಂಡು ಹೋಗಿ ಅಂದಳು. ಏನು ನೋಡ್ತೀಯ ಅಂದೆ. ಕೇಳ್ತೀನಿ ಅಂದಳು.

ವಾಪಸ್ ಬಂದು ಕೀಬೋರ್ಡ್ ಮುಂದೆ ಕೂತಳು. ಬೆರಳಿಗೆ ಅಕ್ಷರ ಗೊತ್ತಿತ್ತಲ್ಲ. ಅವಳು ಏನು ಬರೆದಳು ಗೊತ್ತಾ: "ರಾಜನ ಪಾದರಕ್ಷೆ ಅವನ ಕಾಲಿಗಿಂತ ದೊಡ್ಡದೆಂದು ಮೊದಲ ಹೆಜ್ಜೆಗೇ ಕೇಳಿಸಿತು. ಸಿಂಹಾಸನದ ಅಳತೆಯೂ ಅದೇ." ನಾನು ಪಕ್ಕದಲ್ಲಿ ಕೂತು ಅದೇ ನಾಟಕ ಕಣ್ಣು ಬಿಟ್ಕೊಂಡು ನೋಡಿದ್ದೆ. ನನಗೆ ಏನೂ ಕಂಡಿರಲಿಲ್ಲ.

ಆ ಬರಹಕ್ಕೆ ಜಾಗ ಬೇಕಿತ್ತು. ನಾನು ಮಾಡಿಕೊಟ್ಟೆ. ನೋಡು, ಇದೇ. ಇದಕ್ಕೆ ಹಿಂದೆ ಯಾವ ದೊಡ್ಡ ಯಂತ್ರಾನೂ ಓಡ್ತಿರಲ್ಲ. ಈ ಕಡೆ ಅವಳು ಬರೆದ ಬರೀ ಅಕ್ಷರದ ಫೈಲು, ಆ ಕಡೆ ಸಿದ್ಧವಾದ ಪುಟ, ನಡುವೆ ಪುಟ ಕಟ್ಟೋ ಈ ಪ್ರೋಗ್ರಾಮು, ಜನರೇಟರ್ ಅಂತಾರೆ. ಒಂದು ಸಲ ಓಡಿಸಿದರೆ ಎಲ್ಲಾ ಪುಟಗಳನ್ನೂ ಹೊಸದಾಗಿ ಕಟ್ಟಿ ಇಟ್ಟು ತಾನು ಮಲಗಿಬಿಡುತ್ತೆ. ಗಿರಾಕಿ ಬಂದಾಗಲೆಲ್ಲ ಒಲೆ ಹಚ್ಚೋ ಹೋಟೆಲ್ ಅಲ್ಲ, ಬೆಳಿಗ್ಗೆನೇ ಅಡುಗೆ ಮಾಡಿ ಡಬ್ಬಿ ಕಟ್ಟಿಟ್ಟ ಹಾಗೆ. ಸ್ಟ್ಯಾಟಿಕ್ ಸೈಟು ಅಂದ್ರೆ ಅಷ್ಟೇ.

ಆದರೆ ಈ ಜನರೇಟರಿಗೆ ಒಂದೇ ಬಗೆಯ ಪುಟ ಕಟ್ಟೋಕೆ ಬರ್ತಿತ್ತು. ನನಗೆ ಮೂರು ಬಗೆ ಬೇಕಿತ್ತು. ಅದಕ್ಕೆ ನಾನೇ ಔಟ್‌ಪುಟ್ ಕ್ಲಾಸು ಅಂತ ಪ್ರೋಗ್ರಾಮಿನ ತುಂಡುಗಳನ್ನ ಬರೆದೆ. ಎಲ್ಲಿಂದಲೂ ಎತ್ತಿದ್ದಲ್ಲ, ಒಂದೊಂದು ಸಾಲೂ ನಂದು. ಒಂದೊಂದು ಕ್ಲಾಸೂ ಒಬ್ಬೊಬ್ಬ ಬರೆಯೋನು ಅಂದ್ಕೋ. ಫೈಲು ಕೈಗೆ ಕೊಟ್ಟರೆ, ತಲೆಬರಹ ಬಂದಾಗ ಏನು ಬರೀಬೇಕು, ಪ್ಯಾರಾ ಬಂದಾಗ ಏನು, ಗುರುತು ಬಂದಾಗ ಏನು, ಎಲ್ಲಾ ಅವನಿಗೆ ಗೊತ್ತು. ಮೂಲ ಒಂದೇ, ಬರೆಯೋರು ಮೂವರು. ವೆಬ್ ಕ್ಲಾಸು, ಅದು ಊರಿನ ಜನಕ್ಕೆ ಕಾಣೋ ಪುಟ ಮಾಡುತ್ತೆ. ಪ್ರಿಂಟ್ ಕ್ಲಾಸು, ನಾಟಕ ಸಂಘದ ಬೋರ್ಡಿಗೆ ಅಂಟಿಸೋಕೆ. ಅದು ವೆಬ್ ಕ್ಲಾಸಿನ ಮಗ, ಅಪ್ಪ ಮಾಡಿದ್ದನ್ನೇ ತಾನೂ ಮಾಡುತ್ತೆ. ಮೂರನೇದು ದನಿ ಕ್ಲಾಸು. ಅದು ಅವಳೊಬ್ಬಳಿಗೇ, ಅವಳ ಮಷೀನಿಗೆ ಮಾತ್ರ. ಅವಳು ಬರೆದದ್ದನ್ನ ಓದಿ ಹೇಳೋದು.

ಇದನ್ನ ನೋಡು, ದನಿ ಕ್ಲಾಸು ತೆಗೆದು ತೋರಿಸ್ತೀನಿ. ಮೊದಮೊದಲು ಆ ಯಂತ್ರ ಎಲ್ಲಾನೂ ಒಂದೇ ಸಮ ಓದ್ತಿತ್ತು, ರೈಲ್ವೆ ಸ್ಟೇಷನ್ನಿನಲ್ಲಿ ಕೂಗೋ ಹಾಗೆ. ಅಲ್ಪವಿರಾಮ ಬಂದರೆ ಎಷ್ಟು ನಿಲ್ಲಬೇಕು, ಯಾರೋ ಆಡಿದ ಮಾತು ಬಂದರೆ ದನಿ ಎಷ್ಟು ಏರಬೇಕು, ಎಲ್ಲಾ ಕೂತು ಕೂತು ಸರಿ ಮಾಡಿದೆ. ಇಲ್ಲಿ ನೋಡು, ನಕ್ಷತ್ರ. ನನ್ನದೇ ಯೋಚನೆ. ಇದು ಮುಖ್ಯವಾದ ವಾಕ್ಯ, ಇದನ್ನ ಒತ್ತಿ ಹೇಳಬೇಕು ಅನ್ನಿಸಿದರೆ ಅದರ ಆ ಕಡೆ ಈ ಕಡೆ ಒಂದೊಂದು ನಕ್ಷತ್ರ ಹಾಕು ಅಂತ ಅವಳಿಗೆ ಹೇಳ್ಕೊಟ್ಟೆ. ಅಲ್ಲಿಗೆ ಬಂದಾಗ ಯಂತ್ರ ಒಂದು ಉಸಿರು ನಿಲ್ಲಿಸಿ, ನಿಧಾನಕ್ಕೆ, ಒಂದೊಂದೇ ಪದ ಇಟ್ಟು ಓದುತ್ತೆ. ಮೊದಲ ಸಲ ಕೇಳಿದಾಗ ಅವಳು ಅತ್ತುಬಿಟ್ಟಳು. ಚೆನ್ನಾಗಿದೆ ಅಲ್ವಾ? ನೀನೇ ಹೇಳು, ನಿಮ್ಮ ಆಫೀಸಲ್ಲಿ ಯಾರಾದ್ರೂ ಹೀಗೆ ಬರೀತಾರಾ?

ನೋಡಿದೆಯಾ. ನಿನಗಾದ್ರೂ ಗೊತ್ತಾಗುತ್ತೆ.

ಏನು? ವೆಬ್ ಪುಟದಲ್ಲಾ? ನಕ್ಷತ್ರ ಬಂದರಾ? ಎಲ್ಲಾ ಕಡೆ ಇದ್ದ ಹಾಗೆ, ಅದರಲ್ಲೇನಿದೆ ವಿಶೇಷ. ವೆಬ್ ಕ್ಲಾಸು ಬಿಡು, ಹಳೇದು, ಗಲೀಜು ಗಲೀಜಾಗಿದೆ. ನಿನ್ನಂಥವಳಿಗೆ ತೋರಿಸೋಕೆ ನಾಚಿಕೆ. ಈ ದನಿ ಕ್ಲಾಸು ನೋಡು.

ಅದನ್ನ ಕೊಟ್ಟ ಒಂದು ವಾರಕ್ಕೆ ಏನಾಯ್ತು ಗೊತ್ತಾ. ಊಟ ಆದ್ಮೇಲೆ ಎಂದಿನ ಹಾಗೆ ಪೇಪರ್ ಹಿಡ್ಕೊಂಡು ಹೋಗಿ ಪಕ್ಕದಲ್ಲಿ ಕೂತೆ, ಓದಿ ಹೇಳೋಣ ಅಂತ. ಕಿವಿಗೆ ಇಯರ್‌ಫೋನು ಹಾಕ್ಕೊಂಡಿದ್ದಳು. "ನೀವು ಕಷ್ಟಪಡಬೇಡಿ, ಯಂತ್ರ ಓದುತ್ತೆ. ನಿಮಗಿಂತ ಚೆನ್ನಾಗಿ ಓದುತ್ತೆ ಕಣ್ರೀ, ಅದು ಅಭಿನಯ ಮಾಡಲ್ಲ" ಅಂದಳು. ನಗ್ತಾನೇ ಅಂದಳು. ಅವಳು ಯಾರನ್ನಾದ್ರೂ ಕೊಯ್ಯುವಾಗ ನಗ್ತಾನೇ ಇರ್ತಾಳೆ, ನೋಡಿದೀಯಲ್ಲ.

ಇಲ್ಲ, ಬೇಜಾರೇನಿಲ್ಲ. ನನಗ್ಯಾಕೆ ಬೇಜಾರು.

ಆಮೇಲೆ ಹೆಸರು ಬಂತು. ಬಂತು ಅಂದ್ರೆ ಹೀಗೆ ಹಾಗೆ ಅಲ್ಲ. ಕಣ್ಣಿದ್ದಾಗ ಓದದೇ ಇದ್ದವರೆಲ್ಲ ಓದೋಕೆ ಶುರು ಮಾಡಿದರು. ಕಿವಿಯಿಂದ ನಾಟಕ ನೋಡ್ತಾರಂತೆ, ಹೆಜ್ಜೆ ಸದ್ದಿನಲ್ಲಿ ಸುಳ್ಳು ಹಿಡೀತಾರಂತೆ ಅಂತ. ತಂಡದವರು ಕಾರು ಕಳಿಸಿ ಕರೆಸ್ಕೊಳ್ಳೋರು. ಎಳೇ ಹುಡುಗೀರು ಬಂದು ತೋಳು ಹಿಡಿದು ಮೆಟ್ಟಿಲಿಳಿಸೋರು. ನಾನು ಬಾಗಿಲಲ್ಲಿ ಚಪ್ಪಲಿ ಜೋಡಿಸಿಟ್ಟು ನಿಂತ್ಕೊಳ್ಳೋನು. "ರೀ, ಎಲ್ಲಿದ್ದೀರಿ" ನಿಂತೇ ಹೋಯ್ತು. ಮುಂದಿನ ಸಾಲಿನಲ್ಲಿ ಅವಳಿಗೊಂದು ಸೀಟು, ಅವಳ ಜೊತೆ ಬಂದವರಿಗೊಂದು. ಜೊತೆ ಬಂದವರು. ಅದು ನಾನು.

ಎಷ್ಟು ದಿನ ನಡೀತು ಹೇಳು. ಜನ ಹಾಗೇ. ಹೊಸತರಲ್ಲಿ ಕುಣಿದರು, ಆಮೇಲೆ ಬೇಸರ. ಅವಳ ಬರಹವೂ ಬರ್ತಾ ಬರ್ತಾ ಸಪ್ಪೆ ಆಯ್ತು. ನಾನು ಹೇಳ್ತಿಲ್ಲ, ಓದಿದವರು ಹೇಳಿದ್ದು. ನಾಟಕ ಶುರುವಾಯ್ತು, ಇಂಥವರು ಇಂಥ ಪಾತ್ರ ಮಾಡಿದರು, ಬೆಳಕು ಚೆನ್ನಾಗಿತ್ತಂತೆ, ನಾಟಕ ಮುಗೀತು. ಅಷ್ಟೇ. ಶಾಲಾ ವಾರ್ಷಿಕೋತ್ಸವದ ವರದಿ ಇದ್ದ ಹಾಗೆ. ಆದರೆ ಕಣ್ಣಿಲ್ಲದವಳಿಗೆ ಮುಖದ ಮೇಲೆ ಯಾರು ಹೇಳ್ತಾರೆ? ಅಯ್ಯೋ ಪಾಪ ಅಂದ್ಕೊಂಡು ಸುಮ್ಮನಾದರು. ಕಾರು ಬರೋದು ನಿಂತಿತು. ಪತ್ರ ನಿಂತಿತು. ಇವಳು ದಿನಾ ಕೇಳೋಳು, ಯಾರಾದ್ರೂ ಬರೆದಿದ್ದಾರಾ ಅಂತ. ಇಲ್ಲ ಕಣೇ, ಯಾರೂ ಇಲ್ಲ. ದಿನಾ ನಾನೇ ಹೇಳಬೇಕಾಗಿತ್ತು. ನಿಜಾನೇ ಹೇಳ್ತಿದ್ದೆ.

ಆ ಹಿರಿಯ ನಟಿ ವಿಷಯ ಗೊತ್ತಲ್ಲ ನಿನಗೆ? ಇವಳ ಪ್ರಾಣ ಸ್ನೇಹಿತೆ, ಅಮ್ಮನ ವಯಸ್ಸಿನೋರು. ಕೊನೇ ಸಲ ಅಂತ ರಂಗಕ್ಕೆ ಬಂದರು. ಎರಡನೇ ಅಂಕದಲ್ಲಿ ಮಾತು ಮರೆತುಹೋಯ್ತು ಅವರಿಗೆ. ನಿಮ್ಮಕ್ಕ ಅದನ್ನ ಬಿಡಬಹುದಿತ್ತು ತಾನೇ? ಬಿಡಲಿಲ್ಲ. "ಎರಡನೇ ಅಂಕದಲ್ಲಿ ಆಕೆ ಮಾತು ಮರೆತರು" ಅಂತ ಬರೆದಳು. ಮರೆತರು, ಅಷ್ಟೇ, ಮುಂದಿನ ಪ್ಯಾರಾ. ಪಾಪ ಆ ಮುದುಕಿ ಆಮೇಲೆ ಈ ಮನೆಗೆ ಫೋನ್ ಮಾಡಲಿಲ್ಲ. ರಂಗದ ಕಡೆ ತಲೆ ಹಾಕಲಿಲ್ಲ. ಇವಳು ಹತ್ತಾರು ಸಲ ಫೋನ್ ಮಾಡಿದಳು, ಅವರ ಸೊಸೆ ಎತ್ತಿ "ಅತ್ತೆ ಮಾತಾಡಲ್ಲ" ಅಂದು ಫೋನಿಡೋಳು. ಕೊನೆಗೆ ಆ ಮುದುಕಿ ಹಾಗೇ ಹೋಗಿಬಿಟ್ಟರು. ಇವಳಿಗೆ ಇವತ್ತಿಗೂ ಅರ್ಥ ಆಗಿಲ್ಲ, ನಾನು ಅಂಥದ್ದೇನು ಬರೆದೆ ಅಂತ. ಎಂಥ ನಾಲಿಗೆ ನೋಡು.

ನೀನ್ಯಾಕೆ ಕಣ್ಣೊರಸ್ಕೋತೀಯ? ನೀನೇನು ಕಡಿಮೆ ಮಾಡಿದ್ಯಾ?

ಹೂಂ, ನೀನೇ. ನಾನು ಅವತ್ತು ಇಲ್ಲೇ ಇದ್ದೆ. ಫೋನ್ ಸ್ಪೀಕರಿನಲ್ಲಿತ್ತು. "ಅಕ್ಕಾ, ನಾನು ಎಲ್ಲಾ ಓದ್ತಿದೀನಿ. ಬೇರೆ ಯಾರೂ ಹೇಳಲ್ಲ, ನಾನೇ ಹೇಳ್ತೀನಿ. ಇದು ನೀನು ಬರೆಯೋ ಹಾಗಿಲ್ಲ. ಹೆಸರು ಕೆಡಿಸ್ಕೋಬೇಡ, ನಿಲ್ಲಿಸಿಬಿಡು." ಇದೇ ತಾನೇ ಅಂದದ್ದು? ಪ್ರೀತಿಯಿಂದಲೇ ಅಂದೆ, ಗೊತ್ತು. ಅವಳು ಥ್ಯಾಂಕ್ಸ್ ಕಣೇ ಅಂತ ಹೇಳಿ ಫೋನಿಟ್ಟಳು. ಕೀಬೋರ್ಡಿನ ಮೇಲೆ ಟವೆಲ್ ಮುಚ್ಚಿದಳು. ಆಮೇಲೆ ಒಂದಕ್ಷರ ಬರೆದಿಲ್ಲ. ಊರೆಲ್ಲ ಸುಮ್ಮನಿದ್ದಾಗ ಮುರೀದೇ ಇದ್ದವಳು ನಿನ್ನೊಂದು ಮಾತಿಗೆ ಮುರಿದಳು. ಹಾಗಂತ ನಿನ್ನ ತಪ್ಪು ಅಂತಿಲ್ಲ ನಾನು. ನಿಜ ಹೇಳಿದೆ. ಯಾರಾದ್ರೂ ಹೇಳಬೇಕಿತ್ತು.

ಕೆಲವು ಸಲ ಹಾಸಿಗೆ ಅಂಚಲ್ಲಿ ಕೂತು ಕೇಳ್ತಾಳೆ, "ನಾನು ಕೆಟ್ಟದಾಗಿ ಬರೀತಿದ್ನಾ? ನನಗೆ ಚೆನ್ನಾಗೇ ಕೇಳಿಸ್ತಿತ್ತಲ್ಲ" ಅಂತ. ನಮ್ಮದು ನಮಗೆ ಚೆನ್ನಾಗೇ ಕೇಳಿಸುತ್ತೆ ಅಂತೀನಿ. ಮತ್ತೇನು ಹೇಳಲಿ?

ನಾನು ಅವಳ ಬರಹಕ್ಕೆ ಕೈ ಹಾಕಿದವನಲ್ಲ. ಬೇಕಿದ್ದರೆ ಈಗಲೇ ಫೈಲುಗಳನ್ನ ತೆಗೆದು ನೋಡು, ಅವಳು ಬಡಿದ ಹಾಗೇ ಇವೆ, ಕಾಗುಣಿತದ ತಪ್ಪೂ ಹಾಗೇ ಇದೆ. ಒಂದಕ್ಷರ ತಿದ್ದಿಲ್ಲ. ಆಣೆ ಇಟ್ಟು ಹೇಳ್ತೀನಿ. ಸಾಕಾ? ಈಗ ಒತ್ತು. ಕತ್ತಲಾಗೋದ್ರೊಳಗೆ ಮುಗಿದರೆ ನೀನೂ ಏಳು ಗಂಟೆ ಬಸ್ಸಿಗೆ...

ಎದ್ದಳು ಅನ್ಸುತ್ತೆ. ಅದು ಯಂತ್ರದ್ದೇ ದನಿ. ಯಾವಾಗಲೂ ಇಯರ್‌ಫೋನು ಹಾಕ್ಕೊಳ್ಳೋಳು, ಇವತ್ತು ನೀನು ಬಂದಿದ್ದೀಯ ಅಂತ ಜೋರಾಗಿ ಹಾಕಿದ್ದಾಳೆ. ನಿನಗೆ ಕೇಳಿಸ್ಲಿ ಅಂತಲೋ ಏನೋ. ಅಳಿಸೋ ಮುಂಚೆ ಒಂದು ಸಲ ಎಲ್ಲಾ ಕೇಳ್ಬೇಕು ಅಂತಿದ್ದಳು. ಯಾವುದು ಓದುತ್ತಿದೆ... ಆ ಮುದುಕೀದೇ. ಸರಿಹೋಯ್ತು. ನಾನು ಹೋಗಿ ಸಣ್ಣ ಮಾಡಿಸ್ತೀನಿ, ಇರು. ಮಾತಾಡೋಕೆ ಆಗಲ್ಲ ಇದರಲ್ಲಿ.

ಯಾಕೆ, ಬಿಡು ಕೈ. ಕೂತ್ಕೊಂಡೆ, ಆಯ್ತಾ? ಕೇಳೋದೇನಿದೆ ಅದರಲ್ಲಿ. ಓದಿದ್ದೀಯಲ್ಲ ನೀನು.

..."ಎರಡನೇ ಅಂಕದಲ್ಲಿ ಆಕೆ ಮಾತು ಮರೆತರು." ಹೂಂ, ಅದೇ. ನಾನು ಹೇಳಿದೆನಲ್ಲ. "ಆ ಒಂದು ಗಳಿಗೆ..." ಪುಟ್ಟಿ, ಕೇಳಿಲ್ಲಿ, ನಿನ್ನ ಮಗಳು ಹೇಗಿದ್ದಾಳೆ? ಸ್ಕೂಲು ಬದಲಾಯಿಸಿದ್ರಂತೆ? ಪುಟ್ಟಿ.

"ಆ ಒಂದು ಗಳಿಗೆ ಕತ್ತಲಲ್ಲಿ ಕೂತಿದ್ದ ನಾವೆಲ್ಲರೂ ಉಸಿರು ಬಿಗಿಹಿಡಿದು ಆಕೆಯ ತಾಯಿಯಾದೆವು. ಅಷ್ಟು ಪ್ರೀತಿಯ ಮೌನವನ್ನು ಗಳಿಸಿದ ನಟಿಗೆ ಇನ್ನು ಮಾತೇಕೆ?"

...

ಫೋನ್ ಯಾಕೆ ತೆಗೀತಿದೀಯ? ಆ ಪುಟ ಹುಡುಕ್ತಿದೀಯಾ? ಅದರಲ್ಲಿ ಇರಲ್ಲ. ಇರಲ್ಲ ಅಂದ್ರೆ... ಆಮೇಲೆ ಸೇರಿಸಿರಬಹುದು ಅವಳು. ಹಳೇದನ್ನೆಲ್ಲ ತಿದ್ದೋ ಅಭ್ಯಾಸ ಇತ್ತು ಅವಳಿಗೆ. ಯಾಕೆ ಮೇಲೆ ಕೆಳಗೆ ಎಳೀತೀಯ ಅದನ್ನ, ಎಷ್ಟು ಸಲ ನೋಡಿದರೂ ಅಷ್ಟೇ ಇರೋದು. ಮರೆತರು, ಮುಂದಿನ ಪ್ಯಾರಾ.

ಮೌಸ್ ಬಿಡು. ವೆಬ್ ಕ್ಲಾಸು ತೆಗೀಬೇಡ, ಹೇಳಿದೆನಲ್ಲ ಗಲೀಜಾಗಿದೆ ಅಂತ.

ತೆಗೆದೆ. ಸರಿ. ತಲೆಬರಹ ಬಂದರೆ ಹೀಗೆ, ಪ್ಯಾರಾ ಬಂದರೆ ಹೀಗೆ... ಹೂಂ. ನಕ್ಷತ್ರ ಬಂದರೆ ಖಾಲಿ. ಖಾಲಿ ಅಂತ ನಾನೇ ಬರೆದಿರೋದು. ನಕ್ಷತ್ರ ಹಾಕಿದ ವಾಕ್ಯ ಬಂದರೆ ಏನೂ ಬರೀಬೇಡ, ದಾಟ್ಕೊಂಡು ಮುಂದೆ ಹೋಗು ಅಂತ. ಒಂದೇ ಸಾಲು. ಅದು... ಟೆಸ್ಟ್ ಮಾಡುವಾಗ ಹಾಕಿದ್ದು, ತೆಗೆಯೋದು ಮರೆತಿದ್ದೆ. ನಿಮ್ಮ ಆಫೀಸಲ್ಲೂ ಆಗುತ್ತೆ ಇಂಥದ್ದು. ಆಗುತ್ತೆ ತಾನೇ?



ಹಾಗೆ ನೋಡಬೇಡ ನನ್ನ. ಅದು ಶುರುವಾಗಿದ್ದು ಅವಳ ಒಳ್ಳೇದಕ್ಕೇ. ಒಬ್ಬ ನಿರ್ದೇಶಕ ತನ್ನ ನಾಟಕದ ವಿಮರ್ಶೆ ಓದಿ ಮನೆ ಬಾಗಿಲಿಗೆ ಬಂದು ಕೂಗಾಡಿದ, ಕೋರ್ಟಿಗೆ ಎಳೀತೀನಿ ಅಂದ. ಅವಳು ಒಳಗೆ ಸ್ನಾನ ಮಾಡ್ತಿದ್ದಳು, ನಾನೇ ಸಮಾಧಾನ ಮಾಡಿ ಕಳಿಸಿದೆ. ಒಂದು ವಾಕ್ಯ ತೆಗೆದರೆ ಗಲಾಟೆ ತಪ್ಪುತ್ತೆ, ಅಷ್ಟೇ ಅಂದ್ಕೊಂಡಿದ್ದು. ಅವಳ ಫೈಲು ಮುಟ್ಟೋದು ಬೇಡ, ಅವಳಿಗೆ ಬೇಜಾರಾಗುತ್ತೆ. ಕ್ಲಾಸಿನಲ್ಲಿ ಒಂದು ಸಾಲು ಬದಲಾಯಿಸಿದೆ. ಜನರೇಟರ್ ಓಡಿಸಿದೆ. ಪುಟ ನೋಡಿದೆ... ಎಷ್ಟು ಶಾಂತವಾಗಿತ್ತು ಗೊತ್ತಾ ಆ ಪುಟ. ಯಾರಿಗೂ ನೋವಿಲ್ಲ, ಯಾರಿಗೂ ನಗು ಇಲ್ಲ. ನಾನೂ ಬರೀಬಹುದಿತ್ತು ಅಂಥದ್ದನ್ನ. ಮಾರನೇ ವಾರ ತೆಗೀಬೇಕು ಅಂದ್ಕೊಂಡೆ. ತೆಗೀಲಿಲ್ಲ.

ನಾನು ಆರಿಸಲಿಲ್ಲ ಕಣೇ ಯಾವ ವಾಕ್ಯ ಹೋಗಬೇಕು ಅಂತ. ನಾನು ಆರಿಸಲೇ ಇಲ್ಲ. ಅವಳೇ ನಕ್ಷತ್ರ ಹಾಕ್ತಿದ್ದಳು. ವಾರ ವಾರ ಕೂತು, ಹುಡುಕಿ ಹುಡುಕಿ, ಇದೇ ಇದೇ ಅಂತ... ಅವಳೇ. ನಾನು ಬರೀ ಓಡಿಸ್ತಿದ್ದೆ.

ಅವಳಿಗೆ ನಷ್ಟ ಏನಾಯ್ತು ಹೇಳು? ಅವಳಿಗೆ ಎಲ್ಲಾ ಪೂರ್ತಿ ಕೇಳಿಸ್ತಿತ್ತು. ಒಂದು ಪದ ಬಿಡದ ಹಾಗೆ, ನಿಲ್ಲೋ ಕಡೆ ನಿಂತು, ಒತ್ತೋ ಕಡೆ ಒತ್ತಿ. ಅದನ್ನ ಮಾಡಿಕೊಟ್ಟವನು ಯಾರು? ಅವಳನ್ನ ಮತ್ತೆ ಮನೇಲಿ ಕೂರಿಸಿದೆ, ಹೌದು. ಬಿಸಿನೀರು ಕಾಯಿಸಿ ಕೊಡ್ತೀನಿ, ಔಷಧಿ ಕೊಡ್ತೀನಿ, ಸಂಜೆ ಕೈ ಹಿಡಿದು ಬಾಲ್ಕನಿಗೆ ಕರ್ಕೊಂಡು ಹೋಗ್ತೀನಿ. ಈಗ ಮತ್ತೆ ಕೇಳ್ತಾಳೆ, "ರೀ, ಎಲ್ಲಿದ್ದೀರಿ" ಅಂತ. ನಾನು ಇಲ್ಲೇ ಇರ್ತೀನಿ. ಆ ಹುಡುಗೀರು ಎಲ್ಲಿದ್ದಾರೆ ಇವತ್ತು? ಕಾರು ಕಳಿಸ್ತಿದ್ದವರು ಎಲ್ಲಿದ್ದಾರೆ? ನೀನೆಲ್ಲಿದ್ದೆ?

ಏನಾದ್ರೂ ಹೇಳು. ಬಯ್ಯಿ. ಹೊಡೆಯೋದಾದ್ರೆ ಹೊಡಿ.

ಹೇಳ್ತೀಯಾ ಅವಳಿಗೆ? ಹೇಳು. ಹೇಳಿದರೆ ಪೂರ್ತಿ ಹೇಳಬೇಕಾಗುತ್ತೆ. ಅಕ್ಕಾ, ನಿನ್ನ ಬರಹ ಚೆನ್ನಾಗೇ ಇತ್ತು, ನಾನೇ ನಂಬಲಿಲ್ಲ ಅನ್ಬೇಕು. ಒಂದು ಸಲ, ಒಂದೇ ಒಂದು ಸಲ, ನೀನು ಬರೆದದ್ದನ್ನ ನೀನೇ ಓದಿ ಹೇಳಕ್ಕಾ ಅಂತ ಫೋನಿನಲ್ಲಿ ಕೇಳಿದ್ದರೆ ಸಾಕಿತ್ತು, ಕೇಳಲಿಲ್ಲ ಅನ್ಬೇಕು. ಆ ಮುದುಕಿ ಏನು ತಿಳ್ಕೊಂಡು ಸತ್ತರು ಅಂತಾನೂ ಹೇಳಬೇಕು. ಅದನ್ನ ಕೇಳಿ ಅವಳು ಬದುಕ್ತಾಳಾ? ಯೋಚನೆ ಮಾಡು. ಈಗ ಅವಳಿಗೆ ಗೊತ್ತಿರೋದು ಇಷ್ಟೇ, ತನಗೆ ವಯಸ್ಸಾಯ್ತು, ಬರಹ ಹೋಯ್ತು. ಅದು ಎಲ್ಲರಿಗೂ ಆಗುತ್ತೆ. ಅದರ ಜೊತೆ ಬದುಕಬಹುದು. ಆ ಫೋಲ್ಡರ್ ಅಳಿಸಿಬಿಡು ಪುಟ್ಟಿ. ಮೂವರಿಗೂ ಒಳ್ಳೇದು. ನಾನು ಬೇಡಿಕೊಳ್ತಿಲ್ಲ, ಲೆಕ್ಕ ಹೇಳ್ತಿದೀನಿ.

ಏನು ಟೈಪ್ ಮಾಡ್ತಿದೀಯ?

ಖಾಲಿ ಇದ್ದ ಕಡೆ ಆ ವಾಕ್ಯಾನೂ ಬರೀ ಅಂತ... ಅದು ಬೇಡ. ಅದನ್ನ ಹಾಗೆ ಬರೆದು ಓಡಿಸಿದರೆ ಎಲ್ಲಾ ಪುಟನೂ ಹೊಸದಾಗಿ ಕಟ್ಟುತ್ತೆ. ಅಷ್ಟೂ ವರ್ಷದ್ದು, ಒಂದೇ ಸಲಕ್ಕೆ ಹೊರಗೆ ಹೋಗುತ್ತೆ. ಜನ ನೋಡ್ತಾರೆ. ಆ ಮುದುಕಿಯ ಸೊಸೆ ನೋಡ್ತಾಳೆ. ಇದು ಯಾಕೆ ಇಷ್ಟು ದಿನ ಇರಲಿಲ್ಲ ಅಂತ ಕೇಳ್ತಾರೆ. ಯಾರು ತೆಗೆದದ್ದು ಅಂತ ಕೇಳ್ತಾರೆ. ಇರು. ಊಟ ಆಗಲಿ, ನಾನೇ ಹೇಳ್ತೀನಿ ಅವಳಿಗೆ, ಸರಿಯಾಗಿ, ಮೆಲ್ಲಗೆ, ನನ್ನ ರೀತೀಲಿ...

ಒತ್ತಿಬಿಟ್ಟೆಯಾ.

...

ದನಿ ನಿಂತಿತಲ್ಲ. ಒಳಗಿನ ದನಿ. ಯಾವಾಗ ನಿಂತಿತು ಅದು? ನೀನು ಗಮನಿಸಿದೆಯಾ, ನಾನು ಮಾತಾಡ್ತಿದ್ದಾಗ ಇತ್ತಾ?

ಬಾಗಿಲು ನೋಡ್ತಿದೀಯ ನೀನು. ಆಗಿನಿಂದ ಬಾಗಿಲನ್ನೇ ನೋಡ್ತಿದೀಯ. ನನ್ನನ್ನಲ್ಲ.

ಓ... ಎದ್ದೆಯಾ? ಎಷ್ಟು ಹೊತ್ತಾಯ್ತು ಬಂದು? ಸದ್ದೇ ಆಗಲಿಲ್ಲ. ಏನಿಲ್ಲ, ನಿನ್ನ ತಂಗಿಗೆ ಕೆಲಸ ತೋರಿಸ್ತಿದ್ದೆ. ನಗ್ತಾ ಇದ್ವಿ ಇಬ್ಬರೂ. ಬಾ, ಚಪ್ಪಲಿ ಹಾಕ್ಕೊಂಡಿಲ್ಲ, ನೆಲ ತಣ್ಣಗಿದೆ. ಇರು, ನಾನೇ ಬರ್ತೀನಿ. ಇಗೋ, ಕೈ ಹಿಡ್ಕೋ.

ಹಿಡ್ಕೋ.

ಬೇಡ್ವಾ? ಗೋಡೆ ಹಿಡ್ಕೊಂಡೇ ಬರ್ತೀಯಾ... ಸರಿ. ದಾರಿ ಬಿಡ್ತೀನಿ.